ಹಬ್ಬದ ಪೂರ್ತಿ ಹೆಸರು

ನಮ್ಮೂರಿನ ದೊಡ್ಡ ಹಬ್ಬದ ಹೆಸರನ್ನು ಹೇಳಲು ಶುರುಮಾಡಿ ಮುಗಿಸುವುದರೊಳಗೆ ಒಲೆಯ ಮೇಲೆ ಒಂದು ಪಾವು ಅಕ್ಕಿ ಬೆಂದು ಅನ್ನವಾಗಿರುತ್ತದೆ. ಅಷ್ಟು ಉದ್ದದ ಹೆಸರು. 'ಹೊಳೆಯ ನೀರಿನಿಂದೆದ್ದು, ಹಳೆಯ ಹಾದಿ ಹಿಡಿದು, ಹುಣಸೆತೋಪಿನ ನೆರಳು ಹಾದು, ಹಿರೇಬಾವಿಯ ಕಟ್ಟೆ ಮುಟ್ಟಿ, ಹೂಗಾರರ ಓಣಿಗೆ ಬಂದು' ಎಂದು ಹೊರಡುತ್ತದೆ. ಆಮೇಲೆ ಊರಿನ ಒಂದೊಂದು ತಿರುವನ್ನೂ ಒಂದೊಂದು ಕಲ್ಲನ್ನೂ ಕರೆದು ಮಾತನಾಡಿಸಿಕೊಂಡು ಬಂದು, ಕೊನೆಗೆ 'ಹೆಸರು ಹಿಡಿದು ಕೂಗಿದವರ ಹೊಸ್ತಿಲಿಗೆ ಹಿಂದಿರುಗಿ ಬರುವವರ ಹಬ್ಬ' ಎಂದು ನಿಲ್ಲುತ್ತದೆ. ನಮ್ಮ ಊರದೇವಿ ಹಾದೆವ್ವ ತಾಯಿ ತಾನೇ ಬಾಯಾರೆ ಹೇಳಿಕೊಟ್ಟ ಹೆಸರು ಅದು ಎನ್ನುತ್ತಾರೆ ಹಿರಿಯರು. ಇಷ್ಟು ಉದ್ದ ಯಾಕೆ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ತೀರಿಕೊಂಡವರು ಹೊಳೆಯಿಂದ ಮನೆಯ ತನಕ ನಡೆದು ಬರಬೇಕಲ್ಲ, ಅಷ್ಟು ಹೊತ್ತು ಬೇಕೇ ಬೇಕು.

ಹಬ್ಬದ ಬೆಳಿಗ್ಗೆ ಗುಡಿಯ ಗಂಟೆ ಬಾರಿಸಿದೊಡನೆ ಮನೆಗೊಬ್ಬರು ಹೊಸ್ತಿಲ ಮೇಲೆ ನಿಂತು, ತೀರಿಕೊಂಡ ತಮ್ಮವರನ್ನು ನೆನೆದು, ಹಬ್ಬದ ಹೆಸರು ಹಿಡಿಯುತ್ತಾರೆ. ಒಂದು ಮನೆಗೆ ವರ್ಷಕ್ಕೆ ಒಬ್ಬರನ್ನು ಕರೆಯಬಹುದು. ಅತ್ತ ಹೊಳೆಯ ಮೆಟ್ಟಿಲುಗಳ ಮೇಲೆ ಹಸಿ ಹೆಜ್ಜೆ ಮೂಡತೊಡಗುತ್ತವೆ. ಹೆಜ್ಜೆ ಮಾತ್ರ, ಮೇಲೆ ಯಾರೂ ಕಾಣುವುದಿಲ್ಲ. ಆದರೂ ಮನೆಯವರಿಗೆ ತಮ್ಮವರ ಹೆಜ್ಜೆ ತಪ್ಪುವುದಿಲ್ಲ. ಒಬ್ಬರು ಎಡಗಾಲು ಎಳೆಯುತ್ತಾರೆ, ಒಬ್ಬರ ಕಿರುಬೆರಳು ಮಡಚಿಕೊಂಡಿರುತ್ತದೆ. ಹೆಸರು ಮುಗಿಯುವುದರೊಳಗೆ ಹೊಸ್ತಿಲು ದಾಟಿ ಬಂದರೆ, ಆ ಹೆಜ್ಜೆ ಒಣಗುವ ತನಕ, ಹೆಚ್ಚೆಂದರೆ ಒಂದು ತಾಸು, ಅವರು ನಮ್ಮ ಜೊತೆ ಇದ್ದಹಾಗೆ. ಎಲೆ ಹಾಕುತ್ತೇವೆ, ವರ್ಷದ ಸುದ್ದಿಯೆಲ್ಲ ಹೇಳುತ್ತೇವೆ. ಹೆಸರು ಬೇಗ ಮುಗಿದುಹೋದರೆ ಹೆಜ್ಜೆ ಎಲ್ಲಿತ್ತೋ ಅಲ್ಲೇ ನಿಲ್ಲುತ್ತದೆ. ಸಂತೆಯ ನಡುವೆಯೋ, ಗಾಣದ ಮುಂದೆಯೋ, ಬಿಸಿಲಿನಲ್ಲಿ.

ನಾನು ಈ ಊರಿನ ಬೋರ್ಡು ಬರೆಯುವವನು. ಅಂಗಡಿ, ಶಾಲೆ, ಮದುವೆಯ ಮಂಟಪ ಎಲ್ಲದಕ್ಕೂ ನನ್ನದೇ ಅಕ್ಷರ. ಆ ವರ್ಷ ಜಗಳ ಹತ್ತಿದ್ದು ನಾನು ಬರೆದ ಒಂದು ಬ್ಯಾನರಿನಿಂದ. ಆದರೆ ಇದು ನನ್ನ ಕಥೆಯಲ್ಲ, ನಡುವಿನ ಓಣಿಯ ತಂಗೆವ್ವನ ಕಥೆ.

ತಂಗೆವ್ವನ ಗಂಡ ಭರಮಪ್ಪ ಟಪಾಲು ಹೊರುತ್ತಿದ್ದವನು. ಗುಡ್ಡದಾಚೆಯ ಏಳು ಹಳ್ಳಿಗೆ ರಸ್ತೆ ಇಲ್ಲದ ಕಾಲದಲ್ಲಿ ಕಾಗದದ ಚೀಲ ಹೆಗಲಿಗೇರಿಸಿ ಮೂವತ್ತು ವರ್ಷ ಓಡಿದ. ನಡೆದದ್ದನ್ನು ನೋಡಿದವರೇ ಕಡಿಮೆ. ಮನೆಯಲ್ಲಿ ನೀರು ತರಲು ಎದ್ದರೂ ಓಟವೇ. ಸತ್ತ ಮೇಲೂ ಅವನ ರೂಢಿ ಹೋಗಲಿಲ್ಲ. ಹಬ್ಬದ ದಿನ ಉಳಿದವರ ಹೆಜ್ಜೆ ಹೊಳೆಯ ಮೆಟ್ಟಿಲು ಬಿಡುವ ಮೊದಲೇ ಅವನ ಹೆಜ್ಜೆ ಮಾರುದ್ದ ಮಾರುದ್ದಕ್ಕೆ ಒಂದರಂತೆ ಊರೊಳಗೆ ಬಂದಿರುತ್ತಿತ್ತು. ಅದೂ ಬೆರಳ ತುದಿಯ ಗುರುತು ಮಾತ್ರ, ಹಿಮ್ಮಡಿ ನೆಲಕ್ಕೆ ತಾಗುತ್ತಲೇ ಇರಲಿಲ್ಲ. ತಂಗೆವ್ವನಿಗೆ ಉಬ್ಬಸ. ಬಟ್ಟೆ ಒಗೆದು ಎದ್ದರೆ ಎದೆ ಸಿಳ್ಳೆ ಹಾಕುತ್ತಿತ್ತು. ಅಷ್ಟುದ್ದದ ಹೆಸರು ಅವಳ ಉಸಿರಿಗೆ ನಿಲುಕುವಂಥದ್ದಲ್ಲ. ಅದಕ್ಕೇ ಅವಳು ಹೊಸ್ತಿಲ ಮೇಲೆ ನಿಂತು, ಹೆಸರಿನ ಮೊದಲಕ್ಷರ ಹಿಡಿದು ಕೊನೆಯ ಮಾತಿಗೆ ಹಾರಿ, 'ಹೊಹಬ್ಬ' ಎಂದುಬಿಡುತ್ತಿದ್ದಳು. ಅಷ್ಟರಲ್ಲಿ ಭರಮಪ್ಪ ಒಳಗೆ! ಓಣಿಯವರು ನಗುತ್ತಿದ್ದರು, ಅವಳೂ ನಗುತ್ತಿದ್ದಳು.

ಆ ಮಾತು ಹುಡುಗರ ಬಾಯಿಗೆ ಸಿಕ್ಕಿತು. 'ಹೊಹಬ್ಬಕ್ಕ ಸೀರಿ ತಗೊಂಡ್ರ್ಯಾ?' ಎನ್ನುವುದಾಯಿತು. ಬಟ್ಟೆ ಅಂಗಡಿಯ ಹಲಗೆಯ ಮೇಲೆ ಬಂತು, ಶಾಲೆಯ ರಜೆಯ ಪಟ್ಟಿಯಲ್ಲಿ ಬಂತು. ಮಾತಿಗೆ ಅಂದದ್ದಾಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲವೇನೋ. ಆದರೆ ಕೆಲವು ಮನೆಗಳಲ್ಲಿ ಹೊಸ್ತಿಲ ಮೇಲೂ ಅಷ್ಟನ್ನೇ ಹೇಳಿ ಒಳಗೆ ಹೋಗತೊಡಗಿದರು. ಅವರ ಮನೆಯ ಹಳಬರು ಭರಮಪ್ಪನಂತೆ ಓಡುವವರಲ್ಲ. ಪ್ರತಿ ವರ್ಷ ಹತ್ತಿಪ್ಪತ್ತು ಜೋಡಿ ಹೆಜ್ಜೆ ಹಾದಿಯಲ್ಲೇ ನಿಲ್ಲುವುದು, ಸೈಕಲ್ಲಿನವರು ಅವನ್ನು ಬಳಸಿಕೊಂಡು ಹೋಗುವುದು ರೂಢಿಯಾಯಿತು.

ಇದನ್ನು ಸಹಿಸದವನು ರಾಚಯ್ಯ. ಎಪ್ಪತ್ತು ದಾಟಿದ ಮುದುಕ, ತಂಗೆವ್ವನ ಮನೆಗೂ ಅವನ ಮನೆಗೂ ನಡುವೆ ಒಂದೇ ಗೋಡೆ. ಊರಿನ ಮಕ್ಕಳಿಗೆ ಗುಡಿಯ ಕಟ್ಟೆಯ ಮೇಲೆ ಹಬ್ಬದ ಹೆಸರು ಕಲಿಸುವವನು ಅವನೇ. ಅವನ ಅವ್ವ ತೊಂಬತ್ತು ದಾಟಿ ಸತ್ತಿದ್ದಳು. ಕೋಲೂರಿಕೊಂಡು ಬರುವ ಅವಳ ಹೆಜ್ಜೆ ಹೆಸರಿನ ಕೊನೆಯ ಮಾತಿಗೆ ಸರಿಯಾಗಿ ಹೊಸ್ತಿಲು ದಾಟುತ್ತಿತ್ತು. ಒಂದು ಮಾತು ತಪ್ಪಿದರೂ ಅವ್ವ ಹೊರಗೇ ಉಳಿಯುತ್ತಾಳೆಂದು ಅವನಿಗೆ ಚೆನ್ನಾಗಿ ಗೊತ್ತು. ಅವ್ವನಿಗೆ ಎಲೆ ಹಾಕಿದ ಕೂಡಲೇ ಅವನು ಒಂದು ಕೊಡೆ ಹಿಡಿದು ಓಣಿಗಿಳಿಯುತ್ತಿದ್ದ. ಹಾದಿಯಲ್ಲಿ ನಿಂತುಹೋದ ಕಂಡವರ ಹೆಜ್ಜೆಗಳಿಗೆ ನೆರಳು ಮಾಡಿ, ಅವು ಒಣಗುವ ತನಕ ಪಕ್ಕದಲ್ಲಿ ಕೂತಿರುತ್ತಿದ್ದ. 'ನಿಮ್ಮ ಮೊಮ್ಮಗಗ ಕೆಲಸ ಭಾಳ, ತಪ್ಪ ತಿಳೀಬ್ಯಾಡ್ರಿ' ಎಂದು ಅವರಿಗೆ ಸಮಾಧಾನ ಹೇಳುವುದನ್ನು ನಾನೇ ಕೇಳಿದ್ದೇನೆ.

ಹಬ್ಬಕ್ಕೆ ಒಂದು ತಿಂಗಳಿರುವಾಗ ತರುಣರು ಬಂದು ಬ್ಯಾನರು ಬರೆಸಿದರು. ಬಟ್ಟೆ ಸಾಲದು, ಪೂರ್ತಿ ಹೆಸರು ಹಿಡಿಸುವುದಿಲ್ಲ. 'ಹೊಹಬ್ಬದ ಹಾರ್ದಿಕ ಶುಭಾಶಯಗಳು' ಎಂದು ಕೆಂಪಿನಲ್ಲಿ ಬರೆದುಕೊಟ್ಟೆ. ಅದು ಅಗಸೆಬಾಗಿಲಿಗೆ ಏರಿದ ಮಧ್ಯಾಹ್ನವೇ ರಾಚಯ್ಯ ಏಣಿ ತರಿಸಿ ಬಿಚ್ಚಿಸಿದ. ಹರಿಯಲಿಲ್ಲ, ನೀಟಾಗಿ ನಾಲ್ಕು ಮಡಿಕೆ ಮಾಡಿ ಗುಡಿಯಲ್ಲಿಟ್ಟ. ಮರುದಿನ ಗುಡಿಯ ಅಂಗಳದಲ್ಲಿ ಊರು ಸೇರಿತು.

"ನಿಮ್ಮ ಅವ್ವನ ಹೆಸರನ್ನ ಅರ್ಧಾ ಮಾಡಿ ಕರೀತೀರೇನಪ್ಪ?" ಎಂದು ರಾಚಯ್ಯ ಮಾತು ತೆಗೆದ.

ಗಿರಣಿಯ ಈರಭದ್ರ, ಬ್ಯಾನರು ಬರೆಸಿದ ತರುಣ, ಎದ್ದು ನಿಂತ. "ಅವ್ವಗ ನಾವು ಹೆಸರನ ಹಿಡಿಯೂದಿಲ್ರಿ ಅಜ್ಜಾರ. ಅವ್ವಾ ಅಂತ ಎರಡ ಅಕ್ಷರ ಅಂತೀವಿ. ಅದಕ್ಕ ಆಕಿ ಎಂದೂ ಸಿಟ್ಟಾಗಿಲ್ಲ."

ಅಂಗಳವೆಲ್ಲ ನಕ್ಕಿತು. ರಾಚಯ್ಯನ ಮುಖದಲ್ಲೂ ಒಂದು ಗಳಿಗೆ ನಗು ಹಾದುಹೋಯಿತು. ಆಮೇಲೆ ಅವನು ತಣ್ಣಗೆ ಅಂದ: "ಅವ್ವಾ ಅಂತ ಕರೆದು, ಆಕಿ ಒಲಿ ಮುಂದಿಂದ ಎದ್ದು ಬರೂತನಕ ನಿಂತಿರ್ತಿ ಹೌದಿಲ್ಲೋ? ಇಲ್ಲಿ ನೀವು ಕರೀತೀರಿ, ಕರೆದು ಬಾಗಲಾ ಹಾಕ್ಕೋತೀರಿ. ನಿಮ್ಮ ಅಜ್ಜ ಹೋದ ವರ್ಷ ಬಳಿಗಾರರ ಅಂಗಡಿ ಮುಂದ ನಿಂತಿದ್ದ. ನಾ ಕೂತಿದ್ದೆ ಅವನ ಮಗ್ಗಲಕ. ನೀ ಎಲ್ಲಿದ್ದಿ?"

ಈರಭದ್ರ ಕೂತ. ಆಗ ಹೆಂಗಸರ ಕಡೆಯಿಂದ ತಂಗೆವ್ವ ಎದ್ದಳು. ಎದ್ದ ಆಯಾಸಕ್ಕೆ ಸ್ವಲ್ಪ ಹೊತ್ತು ಕಂಬ ಹಿಡಿದು ನಿಂತು, "ಹುಡುಗೂರಿಗೆ ಬೈಬ್ಯಾಡ್ರಿ ರಾಚಯ್ಯನವರ. ಹೊಹಬ್ಬ ಅಂತ ಮೊದಲು ಅಂದಾಕಿ ನಾನ," ಎಂದಳು.

"ನಿನ್ನ ಮಾತ ಬ್ಯಾರೆ, ತಂಗೆವ್ವ. ನಿನಗ ಉಸಿರಿಲ್ಲ. ತಾಯಿ ತಿಳಕೋತಾಳ."

"ಉಸಿರಿದ್ದರೂ ಅಷ್ಟ ಅಂತಿದ್ದೆ, ಸುಳ್ಳ ಯಾಕ ಹೇಳ್ಲಿ? ಅವರು ಮೊದಲನೇ ಮಾತಿಗೇ ಬಂದು ನಿಂತಿರ್ತಾರ. ನಾ ಪೂರಾ ಹೆಸರ ಹೇಳಿ ಮುಗಸೂದರಾಗ ಅವರು ಅರ್ಧಾ ಒಣಗಿರ್ತಾರ. ವರ್ಷಕ್ಕ ಒಂದ ತಾಸು ಸಿಗೂದು ನನಗ. ಅದರಾಗ ಹೆಸರ ಹೇಳ್ಕೋತ ನಿಂದ್ರಲೇನು? ನನಗ ತಾಯಿ ಮ್ಯಾಲೆ ಭಕ್ತಿ ಇಲ್ಲಂತೀರೇನು?"

ಜನ ತಮ್ಮತಮ್ಮಲ್ಲೇ ಗುಸುಗುಸು ಶುರುಮಾಡಿದರು. ಕೆಲವರು ತಂಗೆವ್ವನದು ಸರಿ ಎಂದರು, ಕೆಲವರು ಒಬ್ಬರಿಗೆ ಬಿಟ್ಟರೆ ಎಲ್ಲರೂ ಬಿಡುತ್ತಾರೆ ಎಂದರು. ಆ ಗದ್ದಲದ ನಡುವೆಯೇ ಹಿಂದಿನ ಸಾಲಿನಿಂದ ಒಂದು ಸಣ್ಣ ದನಿ ಬಂತು.

"ಸಣ್ಣದು ಮಾಡೂದು ತಪ್ಪಂತೀರಿ. ಉದ್ದ ಮಾಡಾಕ ಬರ್ತೈತೇನ್ರಿ?"

ಕೇಳಿದವಳು ಕಾಶವ್ವ. ಮೇಲಿನ ಓಣಿಯ ಕೊನೆಯ ಮನೆಯವಳು, ಇನ್ನೂ ಮೂವತ್ತಾಗದ ಹೆಂಗಸು. ಅವಳ ಮಗಳು ನೀಲಿ ಮೂರು ವರ್ಷದವಳಿದ್ದಾಗ ಜ್ವರ ಬಂದು ತೀರಿಕೊಂಡು ಎರಡು ವರ್ಷವಾಗಿತ್ತು. ಕಾಶವ್ವ ಒಂದಕ್ಷರ ಬಿಡದೆ ಹೆಸರು ಹೇಳುತ್ತಿದ್ದಳು. ಆದರೆ ಮೂರು ವರ್ಷದ ಕಾಲಿಗೆ ಅದು ಸಾಲುತ್ತಿರಲಿಲ್ಲ. ಮೊದಲ ವರ್ಷ ಆ ಪುಟ್ಟ ಹೆಜ್ಜೆಗಳು ಹುಣಸೆತೋಪಿನಲ್ಲಿ ಮರ ಸುತ್ತಿ ಸುತ್ತಿ ಆಡಿ ಅಲ್ಲೇ ನಿಂತವು. ಎರಡನೆಯ ವರ್ಷ ಹಿರೇಬಾವಿಯ ತನಕ ಬಂದು, ಮಲಗಿದ್ದ ಒಂದು ನಾಯಿಯನ್ನು ಮೂರು ಸಲ ಬಳಸಿ, ಅಲ್ಲಿ ನಿಂತವು. ಗಂಡ ಮಲ್ಲೇಶಿ ಓಡಿಹೋಗಿ ಆ ಹೆಜ್ಜೆಗಳ ಮುಂದೆ ಕೂತು ಎರಡೂ ಕೈ ಚಾಚಿದ್ದ. ಬದುಕಿದವರ ಕೈಗೆ ಅವು ಬರುವುದಿಲ್ಲ ಎಂದು ಗೊತ್ತಿದ್ದೂ ಚಾಚಿದ್ದ. ಹೊಸ್ತಿಲು ಬಿಟ್ಟರೆ ಕರೆ ಮುರಿಯುತ್ತದೆಂದು ಕಾಶವ್ವ ಮೇಲೆಯೇ ನಿಂತಿದ್ದಳು. ಹೆಸರು ಮುಗಿಸಿ ಇಳಿದು ಬರುವಷ್ಟರಲ್ಲಿ ಆ ಪುಟ್ಟ ಹೆಜ್ಜೆ ಬಿಸಿಲಿಗೆ ಒಣಗಿಹೋಗಿರುತ್ತಿತ್ತು. ಮಗಳ ಹೆಜ್ಜೆಯನ್ನು ಅವಳು ಈ ತನಕ ಕಣ್ಣಾರೆ ನೋಡಿರಲಿಲ್ಲ.

"ಭಾಳ ಬ್ಯಾಡ್ರಿ," ಅಂದಳು ಕಾಶವ್ವ. "ಇನ್ನ ಒಂದೀಟು ಮಾತು ಸೇರಿಸಿದ್ರ ಸಾಕು. ನಮ್ಮ ನೀಲಿ ಸಾವಕಾಶ ಬರ್ತಾಳ್ರಿ."

ಎಲ್ಲರೂ ರಾಚಯ್ಯನ ಮುಖ ನೋಡಿದರು.

"ತಾಯಿ ಕೊಟ್ಟ ಹೆಸರವ್ವ ಅದು," ಎಂದ ಅವನು. "ಒಂದ ಅಕ್ಷರ ಕಡಿಮಿ ಮಾಡೂದು ತಪ್ಪಂದ ಬಾಯಿಂದ ನಾ ಹೆಚ್ಚು ಮಾಡು ಅಂತ ಹೆಂಗ ಹೇಳ್ಲಿ?"

ಕಾಶವ್ವ ತಲೆಯಾಡಿಸಿದಳು, ಸೆರಗು ಹೊದ್ದುಕೊಂಡು ಎದ್ದು ಹೋದಳು. ಸಭೆ ಏನೂ ತೀರ್ಮಾನವಾಗದೆ ಕರಗಿತು.

ತಂಗೆವ್ವ ಮನೆಗೆ ಬಂದು ಒಲೆಯ ಮುಂದೆ ಕೂತಳು. ಕಾಶವ್ವನ ಮಾತು ಅವಳ ಕಿವಿ ಬಿಟ್ಟು ಹೋಗಲೊಲ್ಲದು. ತನ್ನ ಗಂಡನಿಗೆ ಬೇಡವಾದ ಹೊತ್ತೆಲ್ಲ ತನ್ನ ಬಾಯಲ್ಲಿ ಹಾಗೇ ಉಳಿದಿದೆ, ಅಲ್ಲಿ ಒಂದು ಕೂಸಿಗೆ ಹೊತ್ತು ಸಾಲದು. ಬದುಕಿದವರ ಕೈಗೆ ಬಾರದ ಕೂಸು ತೀರಿಕೊಂಡ ಭರಮಪ್ಪನ ಕೈಗೆ ಬಂದೀತಲ್ಲ ಎಂದು ಅವಳಿಗೆ ಹೊಳೆಯಿತಂತೆ. ಅದರ ಮುಂದಿನ ಯೋಚನೆಯೂ ಜೊತೆಗೇ ಬಂತು. ಅವನು ಕೂಸನ್ನು ಹೊತ್ತು ಮೇಲಿನ ಓಣಿ ಮುಟ್ಟುವಷ್ಟರಲ್ಲಿ ಹೆಸರು ಮುಗಿಯುತ್ತದೆ. ಆಮೇಲೆ ಇವಳ ಹೊಸ್ತಿಲಿಗೆ ಬರಲು ಅವನಿಗೆ ಹೊತ್ತಿರುವುದಿಲ್ಲ. ವರ್ಷದ ಆ ಒಂದು ತಾಸು ಇವಳದಲ್ಲ.

ಎರಡು ದಿನ ಅವಳು ಅದನ್ನೇ ಯೋಚಿಸಿದಳು. ಮೂರನೆಯ ದಿನ ಬೆಳಿಗ್ಗೆ ಗೋಡೆಯಾಚೆ ರಾಚಯ್ಯ ಗಂಜಿ ಕುಡಿಯುತ್ತಿದ್ದಾಗ ಈಚೆ ಒಂದು ದನಿ ಏರಿತು. ಹೊಳೆಯ ನೀರಿನಿಂದೆದ್ದು, ಹಳೆಯ ಹಾದಿ ಹಿಡಿದು... ಹಿರೇಬಾವಿಯ ಹತ್ತಿರ ಕೆಮ್ಮು ಬಂದು ದನಿ ಮುರಿಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಮೊದಲಿನಿಂದ. ಹೀಗೆ ದಿನಾ. ತುಳಸಿ ಕಷಾಯ ಕುಡಿದು, ಬಿಸಿನೀರಿನ ಹಬೆ ತೆಗೆದುಕೊಂಡು, ಎರಡೆರಡು ಮಾತಿಗೆ ಒಂದು ಉಸಿರು ಕದ್ದು, ಅವಳು ದಿನಕ್ಕೆ ಒಂದು ಓಣಿ ಮುಂದೆ ಹೋಗತೊಡಗಿದಳು. ಐದನೆಯ ದಿನ ಗೋಡೆಯ ಮೇಲೆ ಕಟಕಟ ಸದ್ದಾಯಿತು.

"ಹುಣಸೆತೋಪು ಬಿಟ್ಟಿ, ತಂಗೆವ್ವ!"

"ಬಿಟ್ಟೆನೇನ್ರಿ? ಮತ್ತ ಹಿಡೀತೀನಿ ತಡೀರಿ."

ಅಂದಿನಿಂದ ಗೋಡೆಯೇ ಅವರ ಪಾಠಶಾಲೆಯಾಯಿತು. ಎಲ್ಲಿ ಉಸಿರು ಕದಿಯಬಹುದು, ಎಲ್ಲಿ ನಿಂತರೆ ಹೆಜ್ಜೆಯೂ ನಿಂತುಬಿಡುತ್ತದೆ ಎಂದು ರಾಚಯ್ಯ ಹೇಳಿಕೊಟ್ಟ. ತನ್ನ ಮಾತಿಗೆ ಬೆಲೆಕೊಟ್ಟು ಇವಳು ಪೂರ್ತಿ ಹೆಸರು ಹಿಡಿದಳು ಎಂದು ಅವನಿಗೆ ಒಳಗೊಳಗೇ ಹಿಗ್ಗು. ಅದನ್ನು ತಡೆಯಲಾರದೆ ಒಂದು ದಿನ ಅಂದೇಬಿಟ್ಟ: "ನೀ ಇಷ್ಟು ತಿಳಿದಾಕಿ ಅಂತ ನನಗ ಗೊತ್ತಿತ್ತು. ತಾಯಿಗೆ ಮರ್ಯಾದಿ ಕೊಟ್ಟಿ."

"ಮರ್ಯಾದಿಗಲ್ರಿ," ಎಂದಳು ತಂಗೆವ್ವ. "ಅವರಿಗೆ ಒಂದೀಟು ಹೊತ್ತು ಬೇಕಾಗೇತಿ. ಕಾಶವ್ವನ ಕೂಸನ್ನ ಎತ್ಕೊಂಡು ಹೋಗಿ ಮುಟ್ಟಸಬೇಕು."

ಗೋಡೆಯಾಚೆಯಿಂದ ರಾಚಯ್ಯನ ದನಿ, ಮೊದಲಿನ ಗಡಸು ಇಲ್ಲದ ದನಿ, ಬಂತು. "ಅವನಿಗೆ ಹೆಂಗ ತಿಳೀತೈತಿ, ತಂಗೆವ್ವ?"

"ಮೂವತ್ತು ವರ್ಷ ಮಂದಿ ಕಾಗದ ಹೊತ್ತಾರ. ವಿಳಾಸ ಬರೆದ್ರ ಸಾಕು."

ಹಬ್ಬದ ಹಿಂದಿನ ದಿನ ಅವಳು ನನ್ನಲ್ಲಿಗೆ ಬಂದಳು. ಕೈಯಲ್ಲಿ ಒಂದು ಕಾರ್ಡು. ನೀರು ಬಿದ್ದರೂ ಅಳಿಯದ ಬಣ್ಣದಲ್ಲಿ ಬರೆದುಕೊಡು ಎಂದಳು. ಅವಳು ಹೇಳಿದಂತೆ ಬರೆದೆ: ನೀಲಿ, ವಯಸ್ಸು ಮೂರು. ತಾಯಿ ಕಾಶವ್ವ, ತಂದೆ ಮಲ್ಲೇಶಿ. ಮೇಲಿನ ಓಣಿ, ಕಡೆಯ ಮನೆ, ಮೆಟ್ಟಿಲು ಹತ್ತಬೇಕು. ಬರೆದು ಮುಗಿಸಿದ ಮೇಲೆ, "ಕೆಳಗ ಇನ್ನೊಂದ ಸಾಲು ಹಿಡಿಸ್ತೈತೇನು?" ಎಂದು ಕೇಳಿದಳು. ಹಿಡಿಸುತ್ತದೆ ಎಂದೆ. "ಓಡಬ್ಯಾಡ್ರಿ, ಕೂಸು ಹೆದರ್ತೈತಿ, ಅಂತ ಬರಿ," ಎಂದಳು. ಅದನ್ನು ತೆಗೆದುಕೊಂಡು ಹೊಳೆಗೆ ಹೋಗಿ, ಕೊನೆಯ ಮೆಟ್ಟಿಲಲ್ಲಿ ಕೂತು, ನೀರಿಗೆ ಬಿಟ್ಟು ಬಂದಳು.

ಹಬ್ಬದ ದಿನ ನಮ್ಮ ಮನೆಯಲ್ಲಿ ಹೆಸರು ಹಿಡಿಯುವುದು ನಮ್ಮಣ್ಣ. ನನಗೆ ಕೆಲಸವಿರಲಿಲ್ಲ, ಹೂಗಾರರ ಓಣಿಯ ತುದಿಯಲ್ಲಿ ನಿಂತಿದ್ದೆ. ಗಂಟೆ ಬಾರಿಸಿತು. ಊರಿಗೆ ಊರೇ ಒಂದೇ ಬಾಯಾಗಿ ಹೆಸರು ಶುರುವಾಯಿತು. ಎಂದಿನಂತೆ ಮೊದಲು ಬಂದದ್ದು ಭರಮಪ್ಪನ ಹೆಜ್ಜೆ. ಬೆರಳ ತುದಿಯಲ್ಲಿ ಪುಟಿಯುತ್ತ ಅದು ಹುಣಸೆತೋಪಿಗೆ ನುಗ್ಗಿದ್ದು ನನಗೆ ದೂರದಿಂದಲೇ ಕಂಡಿತು. ಅಲ್ಲಿಂದ ಹೊರಬರಲಿಲ್ಲ. ಉಳಿದವರ ಹೆಜ್ಜೆಗಳು ಒಂದೊಂದಾಗಿ ಬಂದು ದಾಟಿಹೋದವು. ನಾನು ತಡೆಯಲಾರದೆ ತೋಪಿನ ಬೇಲಿಯ ತನಕ ಓಡಿದೆ. ಅಲ್ಲೊಂದು ಮರದ ಸುತ್ತ ಪುಟ್ಟ ಪುಟ್ಟ ಹಸಿ ಹೆಜ್ಜೆಗಳು ಗಿರಗಿರ ತಿರುಗುತ್ತಿದ್ದವು. ಅವುಗಳ ಹಿಂದೆ, ಹಿಡಿಯುವ ಆಟ ಆಡುವವರಂತೆ, ಭರಮಪ್ಪನ ಬೆರಳ ಗುರುತು. ಎರಡು ಸುತ್ತು, ಮೂರು ಸುತ್ತು. ಆಮೇಲೆ ದೊಡ್ಡ ಹೆಜ್ಜೆಗಳೆರಡು ಜೋಡಿಯಾಗಿ ನಿಂತವು. ಪುಟ್ಟ ಹೆಜ್ಜೆ ಅವುಗಳ ಮುಂದೆ ಬಂದು ನಿಂತಿತು. ಮತ್ತೆ ಮೂಡಲಿಲ್ಲ. ದೊಡ್ಡ ಹೆಜ್ಜೆ ಮಾತ್ರ ಹೊರಟಿತು, ಸಾವಕಾಶ, ಪೂರ್ತಿ ಹಿಮ್ಮಡಿ ಊರಿ. ಆ ಮನುಷ್ಯ ನಡೆದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹಿರೇಬಾವಿ ದಾಟಿತು, ಹೂಗಾರರ ಓಣಿ ದಾಟಿತು, ನಡುವಿನ ಓಣಿಗೆ ಬಂತು. ತಂಗೆವ್ವ ಹೊಸ್ತಿಲ ಮೇಲೆ ಚೌಕಟ್ಟು ಹಿಡಿದು ನಿಂತು ಹೇಳುತ್ತಿದ್ದಳು, ಕತ್ತಿನ ನರ ಉಬ್ಬಿತ್ತು. ಹೆಜ್ಜೆ ಅವಳ ಅಂಗಳದ ಮುಂದೆಯೇ ಹಾದುಹೋಯಿತು. ಅಲ್ಲಿ ಒಂದು ಸಲ ಬೆರಳುಗಳು ಅವಳ ಕಡೆ ತಿರುಗಿದವು. ಅವಳು ಹೆಸರು ನಿಲ್ಲಿಸಲಿಲ್ಲ. ಕೈಯಿಂದ ಮುಂದೆ, ಮುಂದೆ ಎಂದು ಸನ್ನೆ ಮಾಡಿದಳು. ಹೆಜ್ಜೆ ಮೇಲಿನ ಓಣಿಯ ಕಡೆ ತಿರುಗಿತು. ಆ ಮೇಲೆ ನಾಲ್ಕು ಮಾತೂ ಆಗಿರಲಿಲ್ಲ, ತಂಗೆವ್ವನಿಗೆ ಕೆಮ್ಮು ಬಂತು.

ಅದು ನಿಲ್ಲುವ ಕೆಮ್ಮಲ್ಲ. ಅವಳು ಕುಸಿದು ಕೂತಳು. ಬಾಯಿ ತೆರೆಯುತ್ತಿದೆ, ಮಾತು ಬರುತ್ತಿಲ್ಲ, ಎದೆಯೊಳಗೆ ಸಿಳ್ಳೆ ಮಾತ್ರ. ಓಣಿಯ ತಿರುವಿನಲ್ಲಿ, ಮೆಟ್ಟಿಲುಗಳ ಬುಡದಲ್ಲಿ, ಭರಮಪ್ಪನ ಹೆಜ್ಜೆ ನಿಂತುಬಿಟ್ಟಿತ್ತು.

ಪಕ್ಕದ ಹೊಸ್ತಿಲ ಮೇಲೆ ರಾಚಯ್ಯ ಹೆಸರಿನ ನಡುವೆ ಇದ್ದ. ಅವನ ಅವ್ವ ಕೋಲೂರಿಕೊಂಡು ಆಗಷ್ಟೇ ಹೂಗಾರರ ಓಣಿಯ ತಿರುವಿನ ಕಲ್ಲಿನ ಹತ್ತಿರ ಬಂದಿದ್ದಳು. ಅವನು ಒಂದು ಸಲ ಈ ಕಡೆ ನೋಡಿದ, ಒಂದು ಸಲ ಆ ಕಡೆ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಮರುಗಳಿಗೆ ಅವನು ಓಣಿಗೆ ಕೇಳುವಂತೆ ಕೂಗಿದ:

"ಅವ್ವಾ! ಹೊಹಬ್ಬ! ಅಲ್ಲೇ ಕುಂದ್ರ ಅವ್ವಾ!"

ಮುದುಕಿಯ ಹೆಜ್ಜೆ ಕಲ್ಲಿನ ಪಕ್ಕ ನಿಂತಿತು. ರಾಚಯ್ಯ ತನ್ನ ಹೊಸ್ತಿಲಿನಿಂದ ಇಳಿದು, ಧೋತರ ಎತ್ತಿಕೊಂಡು, ತಂಗೆವ್ವನ ಹೊಸ್ತಿಲು ಹತ್ತಿ, ಅವಳ ಹೆಗಲ ಮೇಲೆ ಕೈಯಿಟ್ಟು, ಅವಳು ಬಿಟ್ಟ ಮಾತಿನಿಂದಲೇ ಹೆಸರು ಎತ್ತಿಕೊಂಡ. ಒಂದು ಕರೆಯನ್ನು ಎರಡು ಬಾಯಿ ಹೇಳಬಾರದು ಎಂದು ಐವತ್ತು ವರ್ಷ ಮಕ್ಕಳಿಗೆ ಕಲಿಸಿದವನು ಅವನೇ. ನನಗೆ ಇನ್ನೇನು ಮಾಡಬೇಕೋ ತೋಚಲಿಲ್ಲ. ಅವನ ಮನೆಯ ಕಟ್ಟೆಯ ಮೇಲಿದ್ದ ಕೊಡೆ ತೆಗೆದುಕೊಂಡು ಹೋಗಿ, ಆ ಕಲ್ಲಿನ ಪಕ್ಕ, ಅವನ ಅವ್ವನಿಗೆ ನೆರಳು ಮಾಡಿ ಕೂತೆ. "ನಿಮ್ಮ ಮಗ ಈಗ ಬರ್ತಾನ್ರಿ," ಎಂದೆ.

ಅಷ್ಟರಲ್ಲಿ ಊರಿನ ಉಳಿದ ಮನೆಗಳಲ್ಲಿ ಹೆಸರು ಮುಗಿಯಿತು. ಮೇಲಿನ ಓಣಿಯಲ್ಲಿ ಕಾಶವ್ವನೂ ಮುಗಿಸಿದಳು. ಮುಂದಿನದನ್ನು ಮಲ್ಲೇಶಿ ಆಮೇಲೆ ನನಗೆ ಹೇಳಿದ. ಕೆಳಗೆ ಮೆಟ್ಟಿಲು ಬರಿದಾಗಿತ್ತು. ಈ ವರ್ಷವೂ ಇಲ್ಲ ಎಂದುಕೊಂಡು ಕಾಶವ್ವ ಹೊಸ್ತಿಲ ಮೇಲೇ ಕೂತು ಮೊಣಕಾಲಿಗೆ ಮುಖ ಒತ್ತಿದಳು. ಇಡೀ ಊರು ಸುಮ್ಮನಾಗಿದ್ದಾಗ ಎಲ್ಲೋ ಕೆಳಗೆ ಒಬ್ಬನೇ ಒಬ್ಬ ಮುದುಕ ಇನ್ನೂ ಹೆಸರು ಹೇಳುತ್ತಿರುವುದು ಗಾಳಿಯಲ್ಲಿ ಕೇಳಿಸುತ್ತಿತ್ತಂತೆ. ಮೊದಲು ಕಂಡದ್ದು ಮಲ್ಲೇಶಿಗೆ. ಮೆಟ್ಟಿಲ ಮೇಲೆ ಒಂದೊಂದೇ ದೊಡ್ಡ ಹಸಿ ಹೆಜ್ಜೆ. ಕಟ್ಟೆಯ ತನಕ ಬಂದು ಅದು ಜೋಡಿಯಾಗಿ ನಿಂತಿತು. ಆಮೇಲೆ ಅದರ ಮುಂದೆ, ಯಾರೋ ಇಳಿಸಿಬಿಟ್ಟಂತೆ, ಎರಡು ಪುಟ್ಟ ಹೆಜ್ಜೆ. ಅವು ಕಾಶವ್ವನನ್ನು ಬಳಸಿಕೊಂಡು, ಹೊಸ್ತಿಲು ದಾಟಿ, ನೆಟ್ಟಗೆ ಅಡುಗೆಮನೆಗೆ, ಬೆಲ್ಲದ ಡಬ್ಬಿಯ ಹತ್ತಿರ ಹೋದವು. ಕಾಶವ್ವ ಕೂಗಿದ ಕೂಗು ನಮಗೆ ಕೆಳಗಿನ ತನಕ ಕೇಳಿಸಿತು.

ಕೊನೆ ಮಾತು ಹೇಳಿ ಮುಗಿಸಿದ ರಾಚಯ್ಯ ತಂಗೆವ್ವನಿಗೆ ಬಿಸಿನೀರು ಕುಡಿಸಿದ. "ಮುಟ್ಯಾನ, ತಂಗೆವ್ವ," ಎಂದ. "ಏಳು, ಹೋಗು. ಒಣಗೂದರಾಗ ಮುಟ್ಟು." ಅವಳು ಗೋಡೆ ಹಿಡಿದು ಹೊರಟಳು. ಅವನು ಕಲ್ಲಿನ ಹತ್ತಿರ ಬಂದು ನನ್ನ ಕೈಯಿಂದ ಕೊಡೆ ತೆಗೆದುಕೊಂಡ, ಅವ್ವನ ಹೆಜ್ಜೆಗಳ ಪಕ್ಕ ಮಣ್ಣಲ್ಲೇ ಕೂತ. "ಬೈ, ಅವ್ವ. ಎಷ್ಟ ಬೇಕ ಅಷ್ಟ ಬೈ," ಎನ್ನುತ್ತಿದ್ದ, ಕಣ್ಣೊರೆಸಿಕೊಳ್ಳುತ್ತ.

ಆ ಬ್ಯಾನರಿನ ಗತಿ ಏನಾಯಿತು ಎಂದು ಕೇಳುವವರಿದ್ದಾರೆ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ರಾಚಯ್ಯ ಅದನ್ನು ತಾನೇ ಈರಭದ್ರನಿಗೆ ಕೊಟ್ಟ. ಈರಭದ್ರ ಅದನ್ನು ಮತ್ತೆ ಕಟ್ಟಿದ, ಆದರೆ ಮರುವರ್ಷ ತನ್ನ ಹೊಸ್ತಿಲ ಮೇಲೆ ನಿಂತು ಅಜ್ಜನಿಗಾಗಿ ಪೂರ್ತಿ ಹೆಸರು ಹೇಳಿದ, ಅಲ್ಲಲ್ಲಿ ತಪ್ಪುತ್ತ. ಯಾವುದು ಮರ್ಯಾದೆ, ಯಾವುದು ಅಲ್ಲ ಎಂದು ತೀರ್ಮಾನಿಸಲು ಊರು ಮತ್ತೆ ಸೇರಲಿಲ್ಲ.

ತಂಗೆವ್ವ ಮೇಲಿನ ಓಣಿಯ ಮೆಟ್ಟಿಲು ಹತ್ತಿದಳು. ಮೂರು ಮೆಟ್ಟಿಲಿಗೊಮ್ಮೆ ಕೂತಳು. ಅರ್ಧ ಹತ್ತಿದಾಗ ಹಾದಿಯ ಹೆಜ್ಜೆಗಳೆಲ್ಲ ಆಗಲೇ ಒಣಗಿದ್ದನ್ನು ಕಂಡು ಅವಳಿಗೆ ಅಳು ಬಂತು, ಅಳಲು ಉಸಿರಿರಲಿಲ್ಲ. ಕಾಶವ್ವನ ಕಟ್ಟೆ ಮುಟ್ಟಿದಾಗ ಬಾಗಿಲ ಪಕ್ಕದಲ್ಲಿ, ಹೊಸ್ತಿಲಿನಿಂದ ಒಂದು ಗೇಣು ಈಚೆಗೆ, ಭರಮಪ್ಪನ ಜೋಡಿ ಹೆಜ್ಜೆ ನಿಂತಿತ್ತು. ಏಳು ಹಳ್ಳಿಯ ಎಷ್ಟೋ ಬಾಗಿಲಿಗೆ ಹೋದವನು, ಯಾರ ಮನೆಯೊಳಗೂ ಕಾಲಿಟ್ಟವನಲ್ಲ. ಹಿಮ್ಮಡಿ ಒಣಗಿತ್ತು. ಬೆರಳುಗಳ ಕಡೆ ಇನ್ನೂ ಹಸಿ ಇತ್ತು. ತಂಗೆವ್ವ ಅದರ ಪಕ್ಕ ಗೋಡೆಗೊರಗಿ ಕೂತಳು. ಒಳಗಿನಿಂದ ಕಾಶವ್ವನ ನಗು, ಮಲ್ಲೇಶಿಯ ನಗು ಕೇಳಿಸುತ್ತಿತ್ತು.

ನೀರು ತರಲು ಹೊರಬಂದ ಕಾಶವ್ವ ಅವಳನ್ನು ಕಂಡು, ಆ ದೊಡ್ಡ ಹೆಜ್ಜೆಗಳನ್ನು ಕಂಡು, ತಡೆದು ನಿಂತಳು. ಆಮೇಲೆ ಬಗ್ಗಿ ತಂಗೆವ್ವನ ಕೈ ಹಿಡಿದಳು. "ಯವ್ವಾ, ಒಳಗ ಬಾ. ಇಬ್ಬರೂ ಬರ್ರಿ."

"ಅವರು ಬರೂದಿಲ್ಲವ್ವ," ಎಂದಳು ತಂಗೆವ್ವ. "ನಾವು ಇಲ್ಲೇ ಕುಂದ್ರತೀವಿ."

ಕಾಶವ್ವ ಎರಡು ಎಲೆ ಹೊರಗೇ ತಂದು ಹಾಕಿದಳು, ಹೋಳಿಗೆ ಬಡಿಸಿದಳು, ಒಳಗೆ ಮಗಳ ಹತ್ತಿರ ಹೋದಳು. ತಂಗೆವ್ವ ತನ್ನ ಎಲೆ ಮುಟ್ಟಲಿಲ್ಲ. ಉಸಿರು ಒಂದು ಹದಕ್ಕೆ ಬರುವ ತನಕ ಕಾದಳು. ಬಂದ ಮೇಲೆ ಆ ಬೆರಳುಗಳ ಕಡೆ ಸ್ವಲ್ಪ ಬಾಗಿ, "ಏನ್ರಿ," ಎಂದಳು, "ನಮ್ಮ ಎಮ್ಮಿ ಈ ಸಲ ಹೆಣ್ಣ ಕರಾ ಹಾಕೇತಿ."